ಪಹಣಿಯ ಸರದಿ

ರಾಮನಗರ ತಾಲ್ಲೂಕಿಗೆ ಸೇರಿದ ಕಸಬಾ, ಬಿಡದಿ, ಕೈಲಾಂಚ, ಕೂಟಗಲ್ ಎಂಬ ನಾಲ್ಕು ಹೋಬಳಿಗಳ ಪೈಕಿ ಕೂಟಗಲ್ಲು ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಸೀಮೆ. ಬಿಡದಿಗೆ ಕಾರ್ಖಾನೆಗಳ ಪ್ರಸಿದ್ಧಿಯಿದೆ. ಕಸಬೆಗೆ ರೇಷ್ಮೆಗೂಡಿನ ಮಾರುಕಟ್ಟೆಯ ಪ್ರಸಿದ್ಧಿಯೂ ರಾಮದೇವರ ಬೆಟ್ಟದ ಪ್ರಸಿದ್ಧಿಯೂ ಇವೆ. ಕೂಟಗಲ್ಲಿಗಾದರೋ ಬಂಡೆಗಳ ನಡುವಣ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಮಾವಿನ ತೋಪು, ಇವುಗಳ ಹೊರತು ಹೇಳಿಕೊಳ್ಳುವಂಥ ಆಡಂಬರವಿಲ್ಲ. ಆದರೆ ಹೊಲವಿದ್ದ ಮೇಲೆ ಹೊಲದ ಕಾಗದವೂ ಇರಬೇಕಷ್ಟೆ. ಬೆಳೆಸಾಲಕ್ಕೆಂದು ಸಹಕಾರ ಸಂಘದ ಮುಂದಾಗಲಿ, ದಾಯಾದಿಗಳ ವ್ಯಾಜ್ಯದಲ್ಲಿ ನ್ಯಾಯಾಲಯದ ಮುಂದಾಗಲಿ, ಮಗಳ ಮದುವೆಗೆಂದು ಮಾರುವ ಎರಡೆಕರೆಯನ್ನು ಕೊಳ್ಳಲು ಬಂದವನ ಮುಂದಾಗಲಿ ರೈತನು ಹಿಡಿದು ನಿಲ್ಲಬೇಕಾದುದು ಪಹಣಿಯೆಂಬ ಆ ಒಂದು ಹಾಳೆಯನ್ನು. ಮತ್ತು ಅವನ ಕೋರಿಕೆಗೂ ಹಾಳೆ ಕೈಸೇರುವುದಕ್ಕೂ ನಡುವೆ, ಯಾರ ಆಳ್ವಿಕೆಯೇ ಇರಲಿ, ಒಂದು ಸರದಿ ಇದ್ದೇ ಇದ್ದಿತು. ಆ ಸರದಿಯು ಶಾನುಭೋಗನ ಜಗಲಿಯಿಂದ ತಾಲ್ಲೂಕು ಕಚೇರಿಯ ಗಣಕಯಂತ್ರದೊಳಕ್ಕೆ ಹೇಗೆ ಸ್ಥಳಾಂತರಗೊಂಡಿತು, ಅಲ್ಲಿ ಅದು ಯಾವ ರೂಪವನ್ನು ತಾಳಿತು ಎಂಬುದರ ಚರಿತ್ರೆಯು, ರಾಜವಂಶಗಳ ಚರಿತ್ರೆಯಷ್ಟು ವರ್ಣರಂಜಿತವಲ್ಲವಾದರೂ, ನಮ್ಮ ಹಳ್ಳಿಗಳ ಬಾಳಿಗೆ ಅದಕ್ಕಿಂತ ಹತ್ತಿರವಾದುದು.

ಗಣಕಯಂತ್ರವು ಕೆಲಸವನ್ನು ಒಂದೊಂದಾಗಿ ಮಾಡದೆ ಕಂತೆಕಂತೆಯಾಗಿ ಕೂಡಿಹಾಕಿಕೊಂಡು, ಕೊಟ್ಟವನ ಬೆನ್ನ ಹಿಂದೆ ಮಾಡಿ ಮುಗಿಸುವ ಒಂದು ಪದ್ಧತಿಯುಂಟು. ಅದನ್ನು ಆ ವೃತ್ತಿಯವರು ಬ್ಯಾಚ್ ಎನ್ನುತ್ತಾರೆ. ಇದು ಯಂತ್ರದೊಡನೆ ಬಂದ ಹೊಸ ಕ್ರಮವೆಂದು ಅನೇಕರು ತಿಳಿದಿದ್ದಾರೆ. ಕಂದಾಯ ಇಲಾಖೆಯ ಹಳೆಯ ರೀತಿನೀತಿಗಳನ್ನು ಬಲ್ಲವರಿಗೆ ಹಾಗೆ ತೋರಲಾರದು.

ಮೈಸೂರು ಸಂಸ್ಥಾನದಲ್ಲಿ ಹೊಲಗಳನ್ನು ಸರಪಳಿ ಹಿಡಿದು ಅಳೆದು, ಒಂದೊಂದಕ್ಕೂ ಸರ್ವೆ ನಂಬರನ್ನು ಕೊಟ್ಟು, ಕಂದಾಯವನ್ನು ಗೊತ್ತುಪಡಿಸುವ ಕಾರ್ಯವು 1863ರ ಸುಮಾರಿಗೆ, ಬೌರಿಂಗ್ ಸಾಹೇಬನು ಕಮಿಷನರಾಗಿದ್ದ ಕಾಲದಲ್ಲಿ, ಆರಂಭವಾಯಿತು. ಮೂವತ್ತಮೂರು ಅಡಿಯ ಆ ಸರಪಳಿಗೆ ಹದಿನಾರು ಆಣೆಯ ಭಾಗಗಳು. ಸರಪಳಿಯ ಉದ್ದಗಲದ ಚೌಕವೇ ಒಂದು ಗುಂಟೆ. ಅಂಥ ನಲವತ್ತು ಗುಂಟೆಗಳಿಗೆ ಒಂದು ಎಕರೆ. ಈ ಅಳತೆಯಿಂದ ಹುಟ್ಟಿದ ಟಿಪ್ಪಣಿ, ಪ್ರತಿ ಬುಕ್ಕು, ಆಕಾರ್‌ಬಂದ್ ಮೊದಲಾದ ದಾಖಲೆಗಳು ಸರ್ವೆ ಇಲಾಖೆಯ ವಶದಲ್ಲಿ ಉಳಿದುವು. ವರ್ಷವರ್ಷವೂ ಬದಲಾಗುವ ಲೆಕ್ಕ ಮಾತ್ರ, ಯಾವ ಹೊಲದಲ್ಲಿ ಯಾರಿದ್ದಾರೆ, ಏನು ಬೆಳೆದಿದ್ದಾರೆ, ಎಷ್ಟು ಕಂದಾಯ ಬಾಕಿಯಿದೆ ಎಂಬುದು, ಗ್ರಾಮದ ಶಾನುಭೋಗನ ಮನೆಯಲ್ಲಿ ಇದ್ದಿತು. ಅವನ ಪೂರ್ವಿಕರು ಬಳಸುತ್ತಿದ್ದ ಕಡತವನ್ನು ಇಂದು ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು: ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆಮಡಿಕೆಯಾಗಿ ಜೋಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಒರಸಬಹುದಾಗಿತ್ತು, ಮತ್ತೆ ಬರೆಯಬಹುದಾಗಿತ್ತು. ಕಾಗದವೂ ಮಸಿಯೂ ಬಂದ ಮೇಲೆ ಒರಸುವ ಸ್ವಾತಂತ್ರ್ಯ ಕುಗ್ಗಿತೆಂಬುದು ನಿಜ. ಆದರೆ ಲೆಕ್ಕದ ಮೇಲಿನ ಒಡೆತನವು ಆ ಒಂದು ಮನೆತನವನ್ನು ಬಿಟ್ಟು ಹೊರಹೋಗಲಿಲ್ಲ.

ಈ ಶಾನುಭೋಗರು ವರ್ಷಕ್ಕೊಮ್ಮೆ ತಮ್ಮ ಲೆಕ್ಕಗಳನ್ನು ಹೊತ್ತು ಜಮಾಬಂದಿಗೆ ಹೋಗಬೇಕಾಗಿದ್ದಿತು. ಗೊತ್ತಾದ ದಿನ ಗೊತ್ತಾದ ಸ್ಥಳದಲ್ಲಿ ಹೋಬಳಿಯ ಶಾನುಭೋಗರೆಲ್ಲರೂ ಸೇರುವರು; ಹೋಬಳಿಯ ಅಧಿಕಾರಿಯಾದ ಶೇಕ್ದಾರನು ಹಾಜರಿರುವನು; ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರನ ಗುಮಾಸ್ತರು ಒಂದೊಂದು ಗ್ರಾಮದ ಕಂತೆಯನ್ನು ಬಿಚ್ಚಿ, ಬೇಡಿಕೆ, ವಸೂಲಿ, ಬಾಕಿ ಈ ಮೂರನ್ನೂ ತಾಳೆ ನೋಡಿ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತುಮಾಡಿ ಮರಳಿಸುವರು, ಸರಿಯಿದ್ದರೆ ಮೊಹರು ಒತ್ತುವರು. ತನ್ನ ಗ್ರಾಮದ ಕಂತೆಯ ಸರದಿ ಬರುವವರೆಗೆ ಶಾನುಭೋಗನು ಮರದ ನೆರಳಿನಲ್ಲಿ ಕಾದಿರುವನು. ಹೊಲದ ಒಡೆಯನಾದ ರೈತನಿಗೆ ಈ ಕಾರ್ಯಕಲಾಪದಲ್ಲಿ ಯಾವ ಪಾತ್ರವೂ ಇರಲಿಲ್ಲ. ಅವನು ಅಲ್ಲಿ ಇರಬೇಕಾದ ಅಗತ್ಯವೂ ಇರಲಿಲ್ಲ. ಕೆಲಸವು ಕಂತೆಯಾಗಿ ಒಪ್ಪಿಸಲ್ಪಡುವುದು, ಕ್ರಮವಾಗಿ ಸಾಲುಗಟ್ಟುವುದು, ಒಡೆಯನ ಅನುಪಸ್ಥಿತಿಯಲ್ಲಿ ನಡೆಯುವುದು, ತಪ್ಪಿದ್ದರೆ ಇಡಿಯ ಕಂತೆಯೇ ಹಿಂದಿರುಗುವುದು: ಬ್ಯಾಚ್ ಪದ್ಧತಿಯ ಲಕ್ಷಣಗಳಾವುವೂ ಇಲ್ಲಿ ಕೊರತೆಯಾಗಿಲ್ಲ. ಅದು ಆಳುವವರ ಸೌಕರ್ಯಕ್ಕಾಗಿ ಹುಟ್ಟಿದ ಪದ್ಧತಿ. ಒಂದೊಂದು ಹೊಲದ ಮಾತನ್ನು ಬೇರೆಬೇರೆಯಾಗಿ ಕೇಳುವಷ್ಟು ವ್ಯವಧಾನ ಯಾವ ಸರ್ಕಾರಕ್ಕೂ ಇರುವುದಿಲ್ಲವಷ್ಟೆ.

ಶಾನುಭೋಗನನ್ನು ಬೈಯುವುದು ನಮ್ಮ ನಾಟಕಗಳಿಗೂ ಗಾದೆಗಳಿಗೂ ಒಂದು ರೂಢಿಯಾಗಿ ಹೋಗಿದೆ. ಅದರಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾರೆ. ಆದರೂ, ಅಲ್ಪವಾದ ಪೋಟಗಿಯನ್ನು ಪಡೆದು, ನೂರಾರು ಸರ್ವೆ ನಂಬರುಗಳ ಎಲ್ಲೆಕಟ್ಟುಗಳನ್ನೂ ಅವುಗಳ ಹಿಂದಿನ ಮೂರು ತಲೆಮಾರಿನ ಜಗಳಗಳನ್ನೂ ನೆನಪಿನಲ್ಲಿಟ್ಟುಕೊಂಡಿದ್ದ ಆ ಮನುಷ್ಯನಿಗೆ, ಕೇಳಲು ಬಂದವನ ಮುಖ ಕಂಡೊಡನೆ ಅವನ ಹೊಲದ ಕಥೆಯೆಲ್ಲ ಹೊಳೆಯುತ್ತಿದ್ದಿತು. ಅದು ಉಪಕಾರಕ್ಕೂ ಆಗುತ್ತಿದ್ದಿತು, ಅಪಕಾರಕ್ಕೂ ಆಗುತ್ತಿದ್ದಿತು. ಅವನ ಜಗಲಿಯ ಸರದಿಯಲ್ಲಿ ಯಾರು ಮೊದಲು, ಯಾರು ಅನಂತರ ಎಂಬುದನ್ನು ನಿಶ್ಚಯಿಸುತ್ತಿದ್ದುದು ಬಂದ ಹೊತ್ತಲ್ಲ. ಬಂದವನ ಜಾತಿ, ಸ್ಥಿತಿ, ಕೈಯಲ್ಲಿ ತಂದ ಕಾಣಿಕೆ.

ಪಟೇಲ, ಶಾನುಭೋಗ ಮೊದಲಾದ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ 1961ರ ಶಾಸನವು 1963ರ ಫೆಬ್ರವರಿ 1ರಂದು ಜಾರಿಗೆ ಬಂದಿತು. ಸಂಬಳದ ಗ್ರಾಮಲೆಕ್ಕಿಗರು ನೇಮಕಗೊಂಡರು. 1964ರ ಭೂಕಂದಾಯ ಅಧಿನಿಯಮವೂ 1966ರ ನಿಯಮಾವಳಿಯೂ ಪಹಣಿಗೆ ಇಂದಿಗೂ ಇರುವ ಆಕಾರವನ್ನು ಕೊಟ್ಟುವು. ಆ ನಿಯಮಾವಳಿಯ ಹದಿನಾರನೆಯ ನಮೂನೆಯೇ ನಾವು ಪಹಣಿ ಎನ್ನುವ, ಕಚೇರಿಯ ಮಾತಿನಲ್ಲಿ ಆರ್‌ಟಿಸಿ ಎನ್ನುವ ಪತ್ರ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖರಾಬು, ಕಂದಾಯ, ಮಣ್ಣಿನ ಜಾತಿ, ಮರಗಳು, ನೀರಿನ ಮೂಲ ಎಂದು ಕಾಲಮುಗಳು ಸಾಲುಸಾಲಾಗಿ ಬಂದು, ಒಂಬತ್ತನೆಯದರಲ್ಲಿ ಸ್ವಾಧೀನದಾರನ ಹೆಸರು, ಹನ್ನೊಂದನೆಯದರಲ್ಲಿ ಸಾಲ ಮೊದಲಾದ ಋಣಭಾರಗಳು, ಹನ್ನೆರಡನೆಯದರಲ್ಲಿ ಬೆಳೆಯ ವಿವರಗಳು ಕಾಣುತ್ತವೆ. ಗ್ರಾಮಲೆಕ್ಕಿಗನು ಇದನ್ನೆಲ್ಲ ದೊಡ್ಡ ಪುಸ್ತಕದಲ್ಲಿ ಕೈಯಿಂದ ಬರೆಯಬೇಕಾಗಿದ್ದಿತು. ಪ್ರತಿಯನ್ನು ಕೇಳಿದವನಿಗೆ ಅದರಿಂದ ಕೈಯಿಂದಲೇ ನಕಲು ತೆಗೆದು ಕೊಡಬೇಕಾಗಿದ್ದಿತು. ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರಿದ್ದರು. ಒಬ್ಬೊಬ್ಬನ ಪಾಲಿಗೆ ಮೂರು ನಾಲ್ಕು ಹಳ್ಳಿಗಳು. ಅವನು ಇಂದು ಯಾವ ಹಳ್ಳಿಯಲ್ಲಿದ್ದಾನೆ ಎಂಬುದನ್ನು ಕಂಡುಹಿಡಿಯುವುದೇ ರೈತನಿಗೆ ಅರ್ಧ ಕೆಲಸವಾಗುತ್ತಿದ್ದಿತು. ಶಾನುಭೋಗನು ಹೋದನು, ಜಗಲಿಯ ಸರದಿ ಹೋಗಲಿಲ್ಲ.

ಇತ್ತ ಹೀಗಿರುವಾಗ, ಪ್ರಪಂಚದ ಮತ್ತೊಂದು ಮೂಲೆಯಲ್ಲಿ ಬೇರೊಂದು ಬಗೆಯ ಸರದಿಯು ರೂಪುಗೊಳ್ಳುತ್ತಿದ್ದಿತು. ಆರಂಭದ ಗಣಕಯಂತ್ರಗಳು ಮನುಷ್ಯರ ಸಂಬಳಕ್ಕಿಂತ ಅನೇಕ ಪಟ್ಟು ಹೆಚ್ಚಿನ ಬೆಲೆಯವು. ಆದುದರಿಂದ ಮನುಷ್ಯನು ಯಂತ್ರಕ್ಕಾಗಿ ಕಾಯಬಹುದು, ಯಂತ್ರವು ಮನುಷ್ಯನಿಗಾಗಿ ಕಾಯಕೂಡದು ಎಂಬುದೇ ಅಂದಿನ ಅರ್ಥಶಾಸ್ತ್ರವಾಗಿದ್ದಿತು. ಎಂಬತ್ತು ಕಾಲಮುಗಳ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು, ಮರುದಿನ ಬಂದು ಅಚ್ಚಾದ ಹಾಳೆಗಳನ್ನು ಒಯ್ಯುವುದು ರೂಢಿ. ಒಂದು ಅಲ್ಪವಿರಾಮ ತಪ್ಪಿದ್ದರೂ ಕಟ್ಟು ಹಾಗೆಯೇ ಹಿಂದಿರುಗಿ ಬರುತ್ತಿದ್ದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಐಬಿಎಂ 360/44 ಎಂಬ ಯಂತ್ರವಿದ್ದಾಗ ವಿದ್ಯಾರ್ಥಿಗಳಿಗೆ ಪರಿಚಿತವಾಗಿದ್ದುದು ಈ ಕ್ರಮವೇ.

ಆದರೆ ಲೆಕ್ಕ ಮಾಡುವ ವೇಗಕ್ಕೂ ಅಚ್ಚೊತ್ತುವ ವೇಗಕ್ಕೂ ಅಜಗಜಾಂತರ. 1959ರಲ್ಲಿ ಐಬಿಎಂ 1401ರೊಡನೆ ಬಂದ 1403 ಎಂಬ ಮುದ್ರಣಯಂತ್ರವು ಒಂದು ಸಾಲಿಗೆ 132 ಅಕ್ಷರಗಳಂತೆ ನಿಮಿಷಕ್ಕೆ 600 ಸಾಲುಗಳನ್ನು ಅಚ್ಚೊತ್ತುತ್ತಿದ್ದಿತು. ಆ ಕಾಲಕ್ಕೆ ಅದು ಅದ್ಭುತವೇ. ಆದರೂ ದೊಡ್ಡ ಗಣಕದ ದೃಷ್ಟಿಯಲ್ಲಿ ಅದು ಆಮೆಯ ನಡೆ. ಮುದ್ರಣ ಮುಗಿಯುವವರೆಗೂ ಗಣಕವನ್ನು ಸುಮ್ಮನೆ ನಿಲ್ಲಿಸುವುದಕ್ಕೆ ಬದಲಾಗಿ, ಅಚ್ಚಾಗಬೇಕಾದುದನ್ನು ಮೊದಲು ಕಾಂತಪಟ್ಟಿಯ ಮೇಲೆ ಬರೆದಿಟ್ಟು, ಆ ಪಟ್ಟಿಯನ್ನು ಸಣ್ಣ ಗಣಕವೊಂದಕ್ಕೆ ಏರಿಸಿ ಬಿಡುವಾಗಿ ಅಚ್ಚುಮಾಡಿಸುವ ಉಪಾಯವನ್ನು ಕಂಡುಕೊಂಡರು. ಬೆಲೆಬಾಳುವ 7090ರಂಥ ಯಂತ್ರಗಳಿಗೆ 1401 ಈ ಬಗೆಯ ಸೇವಕನಾಗಿ ದುಡಿಯಿತು. ಅನಂತರ ಪಟ್ಟಿಯ ಸ್ಥಾನಕ್ಕೆ ಡಿಸ್ಕು ಬಂದಿತು. ಸಣ್ಣ ಗಣಕದ ಅಗತ್ಯವೂ ತಪ್ಪಿತು. 1960ರ ದಶಕದಲ್ಲಿ, ಚಂದ್ರಯಾನದ ಸಿದ್ಧತೆಯಲ್ಲಿದ್ದ ಹೂಸ್ಟನ್ನಿನ ನಾಸಾ ಕೇಂದ್ರದಲ್ಲಿ ಐಬಿಎಂ ಸಂಸ್ಥೆಯವರು ಹಾಸ್ಪ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಒಪ್ಪಿಸಿದ ಕೆಲಸಗಳನ್ನು ಡಿಸ್ಕಿನ ಮೇಲೆ ಸಾಲಾಗಿ ಇರಿಸಿ, ಆದ್ಯತೆಯಂತೆ ನಡೆಯಿಸಿ, ಬಂದ ಫಲಿತಾಂಶವನ್ನು ಮತ್ತೊಂದು ಸಾಲಿನಲ್ಲಿಟ್ಟು ಮುದ್ರಣಯಂತ್ರಗಳಿಗೆ ಬಿಡಿಬಿಡಿಯಾಗಿ ಹಂಚುವುದು ಅದರ ಕೆಲಸ. ಹೀಗೆ ಮುದ್ರಣಕ್ಕಾಗಿ ಕಾದಿರುವ ಫಲಿತಾಂಶವನ್ನೇ ಸ್ಪೂಲ್ ಫೈಲು ಎನ್ನುವರು. ಹಳ್ಳಿಯ ಹಿಟ್ಟಿನ ಮಿಲ್ಲಿನಲ್ಲಿ ರಾಗಿಯ ಡಬ್ಬಗಳನ್ನು ಸಾಲಾಗಿಟ್ಟು ಹೊಲಕ್ಕೆ ಹೋಗಿ, ಸಂಜೆ ಬಂದು ತನ್ನ ಡಬ್ಬವನ್ನು ಎತ್ತಿಕೊಂಡು ಹೋಗುವ ಹೆಂಗಸಿಗೆ ಇದರಲ್ಲಿ ವಿವರಿಸಬೇಕಾದುದು ಏನೂ ಇಲ್ಲ. 1988ರಲ್ಲಿ ಬಂದು ನಮ್ಮ ದೇಶದ ಬ್ಯಾಂಕುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಬಳಕೆಗೆ ಬಂದ ಎಎಸ್/400 ಯಂತ್ರದಲ್ಲಿ ಈ ವ್ಯವಸ್ಥೆಯು ಬಹಳ ಅಚ್ಚುಕಟ್ಟಾದ ರೂಪವನ್ನು ಪಡೆಯಿತು: ಕೆಲಸವನ್ನು ಒಪ್ಪಿಸಿದವನು ತನ್ನ ಸ್ಪೂಲ್ ಫೈಲು ಸಿದ್ಧವಾಗಿದೆಯೇ, ತಡೆಹಿಡಿಯಲ್ಪಟ್ಟಿದೆಯೇ, ಅಚ್ಚಾಗಿಯೂ ಕಾದಿರಿಸಲ್ಪಟ್ಟಿದೆಯೇ ಎಂಬುದನ್ನು ತೆರೆಯ ಮೇಲೆ ನೋಡಿ ತಿಳಿಯಬಹುದಾಯಿತು.

ಭಾರತಕ್ಕೆ ಮೊದಲ ಐಬಿಎಂ 1401 ಬಂದದ್ದು 1961ರಲ್ಲಿ, ಮುಂಬಯಿಯ ಎಸ್ಸೊ ತೈಲ ಸಂಸ್ಥೆಗೆ. ಅನಂತರ ರೈಲ್ವೆಗೆ, ಜೀವ ವಿಮಾ ನಿಗಮಕ್ಕೆ, ದೊಡ್ಡ ಕಾರ್ಖಾನೆಗಳಿಗೆ ಇಂಥವು ಬಂದುವು. ಈ ಯಂತ್ರಗಳು ಅಚ್ಚೊತ್ತಿದ ಕಾಗದಗಳಲ್ಲಿ ಕನ್ನಡಿಗನ ಹೆಸರು ರೋಮನ್ ದೊಡ್ಡಕ್ಷರಗಳಲ್ಲಿಯೇ ಇರುತ್ತಿದ್ದುದಕ್ಕೆ ಆಡಳಿತದ ಭಾಷಾನೀತಿಯೊಂದೇ ಕಾರಣವಲ್ಲ. ಯಂತ್ರದ ರಚನೆಯೂ ಕಾರಣ. 1403ರಲ್ಲಿ ಅಕ್ಷರಗಳು ಒಂದು ಸರಪಳಿಯ ಮೇಲೆ ಎರಕದ ತುಂಡುಗಳಾಗಿ ಕೂಡಿಸಲ್ಪಟ್ಟಿದ್ದುವು. ಸರಪಳಿಯು ಕಾಗದದ ಮುಂದೆ ಓಡುತ್ತಿರುವಾಗ ಬೇಕಾದ ಅಕ್ಷರವು ಎದುರಿಗೆ ಬಂದೊಡನೆ ಹಿಂದಿನಿಂದ ಸುತ್ತಿಗೆಯು ಬಡಿಯುತ್ತಿದ್ದಿತು. 48 ಅಕ್ಷರಚಿಹ್ನೆಗಳ ಒಂದು ಗುಂಪು ಐದು ಸಲ ಆವರ್ತಿಸುವ ಆ ಸರಪಳಿಯಲ್ಲಿ, ಕಾಗುಣಿತವೂ ಒತ್ತಕ್ಷರವೂ ಸೇರಿ ನೂರಾರು ರೂಪಗಳನ್ನು ತಾಳುವ ನಮ್ಮ ಲಿಪಿಗೆ ಎಡೆಯೆಲ್ಲಿ? ಅಕ್ಷರವನ್ನು ಚುಕ್ಕಿಗಳಿಂದ ಬಿಡಿಸುವ ಡಾಟ್ ಮ್ಯಾಟ್ರಿಕ್ಸ್ ಮುದ್ರಣಯಂತ್ರವು ಬರುವವರೆಗೂ ಕನ್ನಡವು ಗಣಕದ ಹೊರಗೆ ನಿಲ್ಲಬೇಕಾಯಿತು.

ಆ ಯಂತ್ರದ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ವಿಶೇಷವಾದ ನಂಟುಂಟು. ಇಡೀ ದೇಶದ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಕರಕರನೆ ಸದ್ದುಮಾಡುತ್ತಿದ್ದ ಟಿವಿಎಸ್ ಮುದ್ರಣಯಂತ್ರಗಳು ತುಮಕೂರಿನಲ್ಲಿ ತಯಾರಾಗುತ್ತಿದ್ದುವು, ವಿಪ್ರೋದವರವು ಮೈಸೂರಿನಲ್ಲಿ. ಎರಡೂ ಅಂಚಿನಲ್ಲಿ ತೂತಿನ ಪಟ್ಟಿಯಿದ್ದು, ಹಿಂದುಮುಂದಾಗಿ ಮಡಿಚಿಕೊಳ್ಳುವ ಉದ್ದನೆಯ ಕಾಗದ. ಬಣ್ಣ ಮಾಸಿದರೂ ಬದಲಾಯಿಸಲು ಯಾರಿಗೂ ಮನಸ್ಸಿಲ್ಲದ ರಿಬ್ಬನ್ನು. ಒಂಬತ್ತು ಸೂಜಿಯ ಯಂತ್ರದಲ್ಲಿ ಕ್ಷಕಾರದ ಒತ್ತು ಕೆಳಗಿನ ಸಾಲಿನ ಕೊಂಬಿಗೆ ತಗುಲಿ ಎರಡೂ ಕೆಡುವ ಬಗೆ. ಇವು ಆ ಕಾಲದ ಕಚೇರಿಯ ಗುಮಾಸ್ತರಿಗೆಲ್ಲ ಪರಿಚಿತವೇ. ಇಪ್ಪತ್ತನಾಲ್ಕು ಸೂಜಿಯವು ಬಂದ ಮೇಲೆ ಅಕ್ಷರಕ್ಕೆ ಮೈ ಬಂದಿತು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಸಂಕೇತಕ್ರಮವೊಂದು 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು, ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರವು ಅದನ್ನು ಸಾಮಾನ್ಯ ಗಣಕಗಳಿಗೆ ತಂದಿತು, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿ ಕನ್ನಡ ಬೆರಳಚ್ಚು ಸುಲಭವಾಯಿತು. ಪಹಣಿಯು ಗಣಕವನ್ನು ಹೊಗುವುದಕ್ಕೆ ಇವೆಲ್ಲವೂ ಕೂಡಿಬರಬೇಕಾಗಿದ್ದಿತು. ಸ್ವಾಧೀನದಾರನ ಹೆಸರನ್ನು ರೋಮನ್ ಲಿಪಿಯಲ್ಲಿ ಅಚ್ಚುಮಾಡಿದ ಪಹಣಿಯನ್ನು ಕೂಟಗಲ್ಲಿನ ಯಾವ ರೈತನು ತನ್ನದೆಂದು ನಂಬಿಯಾನು?

ಭೂದಾಖಲೆಗಳನ್ನು ಗಣಕಕ್ಕೆ ತರುವ ಮೊದಲ ಪ್ರಯೋಗವು ಕರ್ನಾಟಕದಲ್ಲಿ 1991ರಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ನಡೆಯಿತು. ಅದು ಫಲಿಸಲಿಲ್ಲ. ಸೋಲಿನ ಕಾರಣವು ಬೋಧಪ್ರದವಾಗಿದೆ: ಭೂಮಿಯ ಹಕ್ಕು ಬದಲಾಗುವುದು ತಾಲ್ಲೂಕಿನಲ್ಲಿ; ಗಣಕದ ಮಾಹಿತಿಯನ್ನು ಅಲ್ಲಿ ತಿದ್ದುವ ಏರ್ಪಾಡೇ ಇರಲಿಲ್ಲ. ಕಂತೆಯಾಗಿ ಒಳಗೆ ಹೋದ ಮಾಹಿತಿಯು ಕಂತೆಯಾಗಿಯೇ ಹಳತಾಯಿತು. 1999ರಲ್ಲಿ ನಮ್ಮ ಚನ್ನಪಟ್ಟಣಕ್ಕೆ ನೆರೆಯಾದ ಮದ್ದೂರಿನಲ್ಲಿ, ತಾಲ್ಲೂಕು ಕಚೇರಿಯಲ್ಲಿಯೇ ಗಣಕವನ್ನಿಟ್ಟು ಆರಂಭಿಸಿದ ಪ್ರಯೋಗವು ನೆಲೆನಿಂತಿತು. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರಿನ ಶಾಖೆಯು ರಚಿಸಿದ ತಂತ್ರಾಂಶದೊಡನೆ, ‘ಭೂಮಿ’ ಎಂಬ ಹೆಸರಿನಲ್ಲಿ ಅದು ಕೆಲವೇ ವರ್ಷಗಳಲ್ಲಿ ರಾಜ್ಯದ 170ಕ್ಕೂ ಮಿಕ್ಕ ತಾಲ್ಲೂಕುಗಳಿಗೆ ಹರಡಿತು. ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳೂ ಅವುಗಳಲ್ಲಿ ಸೇರಿದ್ದುವು.

ಸುಮಾರು 67 ಲಕ್ಷ ಭೂಮಾಲಿಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ಗಣಕಕ್ಕೆ ಇಳಿಸಬೇಕಾದ ಆ ಮಹಾಕಾರ್ಯದಲ್ಲಿಯೇ ಬ್ಯಾಚ್ ಮುದ್ರಣವು ಕಂದಾಯ ಇಲಾಖೆಯ ಒಳಮನೆಯನ್ನು ಪ್ರವೇಶಿಸಿದ್ದು. ಗುತ್ತಿಗೆಯ ಬೆರಳಚ್ಚುಗಾರರು ಹಳೆಯ ಪುಸ್ತಕಗಳನ್ನು ನೋಡಿ ಮಾಹಿತಿಯನ್ನು ತುಂಬುವರು. ಒಂದು ಗ್ರಾಮ ಮುಗಿದೊಡನೆ ಆ ಗ್ರಾಮದ ಪಹಣಿಗಳನ್ನೆಲ್ಲ ಪರಿಶೀಲನಾ ಪಟ್ಟಿಯಾಗಿ ಅಚ್ಚುಮಾಡಲು ಒಪ್ಪಿಸುವರು. ಮುದ್ರಣಯಂತ್ರದ ಹಿಂದೆ ಕಾಗದವು ಮಡಿಕೆಮಡಿಕೆಯಾಗಿ ಬೆಳೆಯುತ್ತ ಹೋಗುವುದು. ಆ ಮಡಿಕೆಯನ್ನು ಗ್ರಾಮಲೆಕ್ಕಿಗನು ಎತ್ತಿಕೊಂಡು ಹೋಗಿ, ಮೂಲ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಸಾಲುಸಾಲಾಗಿ ತಾಳೆ ನೋಡಿ, ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸುವನು. ತಿದ್ದುಪಡಿಯಾದ ಮೇಲೆ ಇಡಿಯ ಗ್ರಾಮವನ್ನು ಮತ್ತೆ ಅಚ್ಚುಮಾಡುವರು. ಒಂದು ಗುಂಟೆಯ ವ್ಯತ್ಯಾಸ, ‘ಬಿನ್’ ಎಂದು ಬರೆಯುವ ತಂದೆಯ ಹೆಸರಿನ ಲೋಪ, ನಾಲ್ಕಾಣೆ ಕಂದಾಯದ ತಪ್ಪು, ಇಂಥವು ಸಾವಿರ ಸಾವಿರ ಇದ್ದುವು, ಅವುಗಳಲ್ಲಿ ಎಷ್ಟೋ ಬೆರಳಚ್ಚುಗಾರನವಲ್ಲ, ಹಿಂದಿನ ಪುಸ್ತಕಗಳವೇ. ಗ್ರಾಮಲೆಕ್ಕಿಗರು ತಮ್ಮ ಕೈಯಿಂದ ಜಾರಿಹೋಗಲಿದ್ದ ಅಧಿಕಾರವನ್ನು ಹೀಗೆ ತಾವೇ ಸಾಲುಸಾಲಾಗಿ ಪರಿಶೋಧಿಸಿ ಸಹಿಹಾಕಿ ಒಪ್ಪಿಸಬೇಕಾಗಿ ಬಂದುದು ಚರಿತ್ರೆಯ ಒಂದು ವಿನೋದ. ತಾಲ್ಲೂಕಿನ ಕೆಲಸ ಮುಗಿದು ‘ಭೂಮಿ’ ಜಾರಿಗೆ ಬಂದ ದಿನದಿಂದ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಅಧಿಸೂಚನೆ ಹೊರಟಿತು.

ಅನಂತರ ರೈತನು ತಾಲ್ಲೂಕು ಕಚೇರಿಯ ಕಿಟಕಿಗೆ ಬಂದು, 15 ರೂಪಾಯಿ ಕೊಟ್ಟು, ಸರ್ವೆ ನಂಬರನ್ನು ಹೇಳಿ, ಪಹಣಿಯನ್ನು ಅಲ್ಲಿಯೇ ಪಡೆಯುವಂತಾಯಿತು. ಯಂತ್ರದ ಮುಂದೆ ಕುಳಿತವನು ತೆರೆಯ ಮೇಲೆ ನೋಡುತ್ತಿದ್ದುದನ್ನೇ ಹೊರಗೆ ನಿಂತವನೂ ನೋಡಲೆಂದು ಅವನ ಕಡೆಗೆ ತಿರುಗಿಸಿದ ಎರಡನೆಯ ತೆರೆಯೊಂದನ್ನು ಇಟ್ಟಿದ್ದರು. ಅಧಿಕಾರಿಯು ಗುಪ್ತಪದದ ಬದಲಾಗಿ ತನ್ನ ಬೆರಳಿನ ಗುರುತನ್ನು ಕೊಟ್ಟೇ ಒಳಹೊಗಬೇಕಾಗಿದ್ದಿತು. ನಾಳೆ ‘ಮಾಡಿದವನು ನಾನಲ್ಲ’ ಎನ್ನುವಂತಿರಲಿಲ್ಲ. ಇವೆಲ್ಲಕ್ಕಿಂತ ಮಿಗಿಲಾದುದು ಹಕ್ಕು ಬದಲಾವಣೆಯ ಅರ್ಜಿಗಳಿಗೆ ವಿಧಿಸಿದ ನಿಯಮ: ಮೊದಲು ಬಂದ ಅರ್ಜಿ ಮೊದಲು. ಹಿಂದಿನದನ್ನು ವಿಲೇವಾರಿ ಮಾಡದೆ ಮುಂದಿನದನ್ನು ಯಂತ್ರವು ತೆರೆದು ತೋರಿಸುತ್ತಲೇ ಇರಲಿಲ್ಲ. ಮುದ್ರಣಯಂತ್ರದ ಸಾಲಿನಲ್ಲಿ ಕಾಗದಗಳಿಗೆ ಅನ್ವಯಿಸುತ್ತಿದ್ದ ಧರ್ಮವು ಇಲ್ಲಿ ಮೊದಲಬಾರಿಗೆ ಮನುಷ್ಯರಿಗೂ ಅನ್ವಯಿಸಿತು. ಜಗಲಿಯ ಸರದಿಗೆ ಮುಖಗಳ ಪರಿಚಯವಿದ್ದಿತು; ಈ ಸರದಿಗೆ ಕ್ರಮಸಂಖ್ಯೆಯೊಂದೇ ಗೊತ್ತು. ‘ಭೂಮಿ’ಯ ಕೀರ್ತಿಯು ಹೆಚ್ಚಾಗಿ ಅದರ ವೇಗಕ್ಕಾಗಿ ಹಾಡಲ್ಪಟ್ಟಿದೆ. ನನ್ನ ಎಣಿಕೆಯಲ್ಲಿ ಅದರ ನಿಜವಾದ ಸಾಧನೆ ವೇಗವಲ್ಲ, ಈ ಕುರುಡುತನ.

ಕಿಟಕಿಯ ಹಿಂದೆ ನಡೆಯುತ್ತಿದ್ದುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ‘ಭೂಮಿ’ಯ ಗಣಕಗಳಲ್ಲಿದ್ದುದು ವಿಂಡೋಸ್ ಎನ್‌ಟಿ. ಅದರಲ್ಲಿ ಮುದ್ರಿಸು ಎಂದು ಆಜ್ಞಾಪಿಸಿದೊಡನೆ ಪಹಣಿಯು ನೇರವಾಗಿ ಕಾಗದಕ್ಕೆ ಹೋಗುವುದಿಲ್ಲ. ಡಿಸ್ಕಿನ ಒಂದು ಗೊತ್ತಾದ ಕೋಣೆಯಲ್ಲಿ, ಅಚ್ಚಾಗಬೇಕಾದ ಹುರುಳನ್ನು ಹೊತ್ತ ಎಸ್‌ಪಿಎಲ್ ಎಂಬ ಫೈಲಾಗಿಯೂ, ಅದು ಯಾರ ಕೆಲಸ, ಯಾವ ಯಂತ್ರಕ್ಕೆ ಹೋಗಬೇಕು ಮೊದಲಾದ ವಿವರಗಳನ್ನು ಹೊತ್ತ ಎಸ್‌ಎಚ್‌ಡಿ ಎಂಬ ಫೈಲಾಗಿಯೂ ಇಬ್ಭಾಗಗೊಂಡು ಕಾದಿರುತ್ತದೆ. ಮುದ್ರಣವಾದೊಡನೆ ಎರಡೂ ಅಳಿಸಿಹೋಗುತ್ತವೆ. ಒಬ್ಬನ ಪಹಣಿಯಾದರೆ ಈ ವಾಸ ಕೆಲವು ಕ್ಷಣಗಳದು. ಆದರೆ ಇಡೀ ಗ್ರಾಮದ ಬೆಳೆ ದಾಖಲೆಯ ಪಟ್ಟಿಯನ್ನು ಅದೇ ಯಂತ್ರಕ್ಕೆ ಒಪ್ಪಿಸಿದ್ದರೆ, ಅದರ ಹಿಂದೆ ಬಂದ ಒಂಟಿ ಪಹಣಿಯು ನೂರಾರು ಹಾಳೆಗಳ ಹಿಂದೆ ನಿಲ್ಲಬೇಕಾಗುವುದು. ಅನುಭವಸ್ಥನಾದ ಗುಮಾಸ್ತನು ಕಂತೆಯ ಕೆಲಸವನ್ನು ಕಿಟಕಿ ಮುಚ್ಚಿದ ಮೇಲೆ ಸಂಜೆಗೆ ಇಟ್ಟುಕೊಳ್ಳುವನು. ಹೊಸಬನು ಮಧ್ಯಾಹ್ನವೇ ಕೊಟ್ಟು ಕೈಕಟ್ಟಿ ಕುಳಿತುಕೊಳ್ಳುವನು. ಹೊರಗೆ ನಿಂತವನು “ಏನ್ ಸಾಮಿ, ದುಡ್ಡು ಕಟ್ಟಿ ಅರ್ಧ ಗಂಟೆ ಆಯ್ತಲ್ಲ” ಎಂದರೆ, “ಪ್ರಿಂಟ್ ಕೊಟ್ಟಾಗದೆ ಗೌಡ್ರೆ, ಕ್ಯೂನಲ್ ಅದೆ, ಬತ್ತದೆ ತಡ್ಕೊಳಿ” ಎಂಬುದೇ ಉತ್ತರ.

ಕೆಲವೊಮ್ಮೆ ಅದು ಬರುವುದೇ ಇಲ್ಲ. ಕಾಗದ ಸಿಕ್ಕಿಕೊಂಡೋ, ವಿದ್ಯುತ್ತು ಹೋಗಿ ಬಂದೋ, ಸಾಲಿನ ಮೊದಲ ಫೈಲು ಕೆಟ್ಟುನಿಂತರೆ ಅದರ ಹಿಂದಿನವೆಲ್ಲವೂ ನಿಲ್ಲುತ್ತವೆ. ಅಳಿಸು ಎಂದರೆ ‘ಅಳಿಸಲಾಗುತ್ತಿದೆ’ ಎಂದು ತೋರಿಸುತ್ತ ಅಲ್ಲಿಯೇ ಇರುತ್ತದೆ. ಆಗ ಸ್ಪೂಲರ್ ಸೇವೆಯನ್ನೇ ನಿಲ್ಲಿಸಿ, ಆ ಕೋಣೆಯಲ್ಲಿರುವ ಫೈಲುಗಳನ್ನೆಲ್ಲ ತೆಗೆದುಹಾಕಿ, ಸೇವೆಯನ್ನು ಮತ್ತೆ ಆರಂಭಿಸಬೇಕು. ಒಬ್ಬನ ತಪ್ಪಿಗೆ ಎಲ್ಲರೂ ಮತ್ತೆ ಕೊನೆಯಿಂದ ಬರಬೇಕು. ಇದು ಜಗತ್ತಿನ ಎಲ್ಲ ಕಚೇರಿಗಳ ಗುಮಾಸ್ತರೂ ಗುರುಮುಖವಿಲ್ಲದೆ ಕಲಿತ ವಿದ್ಯೆ.

ಈ ಕುರುಡು ಸರದಿಯಿಂದ ಯಾರಿಗೆ ಲಾಭವಾಯಿತು ಎಂಬ ಪ್ರಶ್ನೆಯು ಏಳದೆ ಇರಲಿಲ್ಲ. ಸಾಲೊಮನ್ ಬೆಂಜಮಿನ್ ಮೊದಲಾದ ಸಂಶೋಧಕರು 2007ರಲ್ಲಿ, ಬೆಂಗಳೂರಿನ ಸುತ್ತಣ ಪ್ರದೇಶಗಳನ್ನು ನೋಡಿ, ದಾಖಲೆಗಳು ಗ್ರಾಮದಿಂದ ಮೇಲಕ್ಕೆ ಹೋಗಿ ಒಂದೆಡೆ ಕೇಂದ್ರೀಕೃತವಾದುದು ಸಣ್ಣ ಹಿಡುವಳಿದಾರನಿಗಿಂತ, ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಅನುಕೂಲವಾಯಿತೆಂದು ವಾದಿಸಿದರು. ಆ ವಾದವನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಹಳೆಯ ಪುಸ್ತಕದಲ್ಲಿ ಹಾಳೆಯನ್ನು ಹರಿಯುವುದು, ಹೆಸರನ್ನು ತೂರಿಸುವುದು ಎಷ್ಟು ಸುಲಭವಿದ್ದಿತೆಂಬುದನ್ನು ಮರೆಯಲಾಗದು. ಆದರೆ ಮೈಸೂರು ಹೆದ್ದಾರಿಯ ಇಕ್ಕೆಲಗಳಲ್ಲಿ ಹೊಲಗಳು ನಿವೇಶನಗಳಾದ ಬಗೆಯನ್ನು ಕಂಡ ಬಿಡದಿ, ರಾಮನಗರದವರು ಅದನ್ನು ಸುಲಭವಾಗಿ ತಳ್ಳಿಹಾಕಲಾರರು. ದೂರದಲ್ಲಿ ಕುಳಿತವನಿಗೂ ಸರ್ವೆ ನಂಬರು ಗೊತ್ತಿದ್ದರೆ ಸಾಕು, ಊರಿನವನಿಗೆ ದೊರೆಯುವ ಕಾಗದವೇ ದೊರೆಯುವುದೆಂದ ಮೇಲೆ, ಊರಿನ ಮಾತುಕತೆಗೆ ಇದ್ದ ಬೆಲೆಯು ಸ್ವಲ್ಪಮಟ್ಟಿಗೆ ಇಳಿದೇ ಇಳಿಯಿತು.

ಕಿಟಕಿಯು ಅನಂತರ ರೈತನ ಕಡೆಗೆ ಹೆಜ್ಜೆಹೆಜ್ಜೆಯಾಗಿ ಸರಿದುಬಂದಿತು. 2006ರ ಸುಮಾರಿಗೆ ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರಗಳು ತೆರೆದುವು. 2012ರಿಂದ ಈಚೆಗೆ ನಾಡಕಚೇರಿಗಳೇ ಅಟಲ್‌ಜೀ ಜನಸ್ನೇಹಿ ಕೇಂದ್ರಗಳೆನಿಸಿದುವು. ಈ ನಡುವೆ 2007ರಲ್ಲಿ ರಾಮನಗರವು ಪ್ರತ್ಯೇಕ ಜಿಲ್ಲೆಯೂ ಆಯಿತು. ಇಂದು ಮೊಬೈಲಿನಲ್ಲಿಯೇ ಪಹಣಿಯನ್ನು ನೋಡಬಹುದು. ನೋಡಿದವರೂ ಒಂದು ಪ್ರತಿಯನ್ನು ಅಚ್ಚು ತೆಗೆಸಿ ಪೆಟ್ಟಿಗೆಯಲ್ಲಿಟ್ಟುಕೊಳ್ಳುವರೆಂಬುದು ಬೇರೆ ಮಾತು.

2022ರ ಮಾರ್ಚಿನಲ್ಲಿ ಸರ್ಕಾರವು ಇದರ ದಿಕ್ಕನ್ನೇ ತಿರುಗಿಸಿ, ಕಂದಾಯ ದಾಖಲೆಗಳನ್ನು ಮನೆಬಾಗಿಲಿಗೆ ಉಚಿತವಾಗಿ ಮುಟ್ಟಿಸುವ ಅಭಿಯಾನವೊಂದನ್ನು ಕೈಗೊಂಡಿತು. ಪಹಣಿ, ನಕ್ಷೆ, ಜಾತಿ ಮತ್ತು ಆದಾಯ ಪತ್ರಗಳನ್ನು ಯಾರೂ ಕೇಳದೆಯೇ, ಗ್ರಾಮ ಗ್ರಾಮವನ್ನೇ ಕಂತೆಯಾಗಿ ಅಚ್ಚುಮಾಡಿ, ಲಕೋಟೆಗಳಲ್ಲಿ ಹಾಕಿ, ಗ್ರಾಮಲೆಕ್ಕಿಗರ ಕೈಯಲ್ಲಿ ಹಂಚಿಸಿದರು. ಎರಡು ದಶಕಗಳಿಂದ ಒಂದೊಂದು ಕೋರಿಕೆಗೆ ಒಂದೊಂದು ಹಾಳೆಯನ್ನು ಕೊಡುತ್ತಿದ್ದ ಯಂತ್ರವು ಮತ್ತೆ ಜಮಾಬಂದಿಯ ಪದ್ಧತಿಗೆ ತಿರುಗಿದಂತಾಯಿತು. ಆದರೆ ಈ ಸಲ ಕಂತೆಯು ಹೋದದ್ದು ಅಮಲ್ದಾರನ ಮೇಜಿಗಲ್ಲ, ರೈತನ ಮನೆಗೆ.

ಹೀಗೆ ಮನೆಗೆ ಹೋದ ಪಹಣಿಗಳಿಂದ, ಇಲಾಖೆಗೆ ಗೊತ್ತಿದ್ದೂ ಬಹಿರಂಗವಾಗಿ ಆಡದಿದ್ದ ಸಂಗತಿಯೊಂದು ಮನೆಮನೆಯ ಮಾತಾಯಿತು. ಲಕ್ಷಾಂತರ ಜಮೀನುಗಳು ಇಂದಿಗೂ ತೀರಿಹೋದವರ ಹೆಸರಿನಲ್ಲಿಯೇ ಇವೆ. ಕಂತೆಯ ಮುದ್ರಣವು ಫೈಲಿನಲ್ಲಿದ್ದುದನ್ನು ಇದ್ದಂತೆ ಅಚ್ಚೊತ್ತುವುದೇ ಹೊರತು, ಹೆಸರಿನವನು ಇದ್ದಾನೆಯೇ ಹೋದನೇ ಎಂದು ವಿಚಾರಿಸುವುದಿಲ್ಲ. ಶಾನುಭೋಗನಾಗಿದ್ದರೆ ಆ ಮನೆಯ ತಿಥಿಯ ಊಟಕ್ಕೇ ಬಂದಿರುತ್ತಿದ್ದನು. ತೀರಿಹೋದವನ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಪೌತಿ ಖಾತೆಗಾಗಿ ವಾರಸುದಾರರು ಮರಣಪತ್ರವನ್ನು ತರಬೇಕು, ನಾಡಕಚೇರಿಯಿಂದ ವಂಶವೃಕ್ಷವನ್ನು ಮಾಡಿಸಬೇಕು, ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಒಪ್ಪಬೇಕು, ಅರ್ಜಿ ಕೊಡಬೇಕು, ತಕರಾರಿಗೆಂದು ಗೊತ್ತುಮಾಡಿದ ದಿನಗಳು ಕಳೆಯಬೇಕು, ರಾಜಸ್ವ ನಿರೀಕ್ಷಕರು ಆದೇಶಮಾಡಬೇಕು. ಆ ಅರ್ಜಿಗೂ ಒಂದು ಕ್ರಮಸಂಖ್ಯೆಯುಂಟು. ಅದಕ್ಕಿಂತ ಮೊದಲಿನವು ತೀರುವವರೆಗೆ ಒಂಬತ್ತನೆಯ ಕಾಲಮಿನಲ್ಲಿ ತಾತನ ಹೆಸರೇ ಅಚ್ಚಾಗುತ್ತಿರುತ್ತದೆ.